ವಾರಕ್ಕೊಮ್ಮೆ ಮಾತ್ರ ಕುಡಿದರೆ ಅಪಾಯವಿಲ್ಲವೇ?

ಕೆಲವು ತಿಂಗಳ ಹಿಂದಿನ ಮಾತು. ಭಾನುವಾರ ಬೆಳಿಗ್ಗೆ ಮೂವತ್ತೆಂಟು ವರ್ಷದ ಗೃಹಸ್ಥರೊಬ್ಬರು ಪತ್ನಿಯೊಂದಿಗೆ ನನ್ನಲ್ಲಿಗೆ ಬಂದರು. ಎದ್ದಾಗಿನಿಂದ ಎದೆ ಡವಡವ ಹೊಡೆದುಕೊಳ್ಳುತ್ತಿದೆ ಎಂಬುದು ಅವರ ದೂರು. ನಾಡಿ ನೋಡಿದೆ. ಬಡಿತ ಏರುಪೇರಾಗಿತ್ತು. ಕುಡಿಯುವ ಅಭ್ಯಾಸವಿದೆಯೇ ಎಂದು ಕೇಳಿದಾಗ, ‘ನಾನೇನು ದಿನಾ ಕುಡಿಯೋನಲ್ಲ ಡಾಕ್ಟ್ರೇ. ಶನಿವಾರ ಫ್ರೆಂಡ್ಸ್ ಜೊತೆ ಮಾತ್ರ’ ಎಂದರು.

ಪತ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನಿನ್ನೆ ಗೃಹಪ್ರವೇಶಕ್ಕೆ ಮಗಳನ್ನೂ ಕರ್ಕೊಂಡು ಹೋಗಿದ್ರು. ರಾತ್ರಿ ಅವಳನ್ನ ಹಿಂದೆ ಕೂರಿಸ್ಕೊಂಡು ಸ್ಕೂಟರ್ ಓಡಿಸ್ಕೊಂಡೇ ಬಂದ್ರು. ಬೆಳಿಗ್ಗೆ ಎದ್ದು, ಮಗು ಮನೆಗೆ ಹೇಗೆ ಬಂತು ಅಂತ ನನ್ನನ್ನೇ ಕೇಳ್ತಾರೆ.’

‘ದಿನಾ ಕುಡಿದರೆ ಮಾತ್ರ ತೊಂದರೆ, ಅಪರೂಪಕ್ಕೆ ಕುಡಿದರೆ ಏನೂ ಆಗದು’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ ಎಂಬಷ್ಟೇ ಮುಖ್ಯವಾದದ್ದು ಒಂದು ಸಲಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದು. ಒಮ್ಮೆ ಕೂತಾಗ ಮಿತಿಮೀರಿ ಕುಡಿಯುವ ಈ ರೂಢಿಗೆ ವೈದ್ಯರು ‘ಬಿಂಜ್ ಡ್ರಿಂಕಿಂಗ್’ ಎನ್ನುತ್ತಾರೆ.

ಎಷ್ಟಾದರೆ ಅತಿ?

ಒಂದು ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಶುದ್ಧ ಆಲ್ಕೋಹಾಲ್ ದೇಹ ಸೇರಿದರೆ ಅದು ಅತಿ ಕುಡಿತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ.ನ ಒಂದು ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ. ಅಂದರೆ 180 ಮಿ.ಲೀ.ನ ಒಂದು ‘ಕ್ವಾರ್ಟರ್’ ಮುಗಿಸಿದರೆ 60 ಗ್ರಾಂ ಆಯಿತು! ‘ಒಂದೇ ಕ್ವಾರ್ಟರ್ ಡಾಕ್ಟ್ರೇ’ ಎನ್ನುವವರು ಇದನ್ನು ಗಮನಿಸಬೇಕು. ಬಿಯರ್‌ಗೆ ದೋಷವಿಲ್ಲ ಎನ್ನುವಂತೆಯೂ ಇಲ್ಲ. ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ 650 ಮಿ.ಲೀ.ನ ಒಂದೂವರೆ ಬಾಟಲಿಗೇ ಅದೇ ಲೆಕ್ಕ ತಲಪುತ್ತದೆ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ತಜ್ಞರು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಅವರಲ್ಲಿ ನೂರಕ್ಕೆ 43 ಮಂದಿ ಒಂದೇ ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಪೆಗ್‌ನಷ್ಟು ಕುಡಿಯುವವರು.

ದೇಹದಲ್ಲಿ ಆಗುವುದೇನು?

ನಮ್ಮ ಪಿತ್ತಜನಕಾಂಗ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನು ಮಾತ್ರ ಕರಗಿಸಬಲ್ಲದು. ಬಚ್ಚಲಿಗೆ ಕೊಡಗಟ್ಟಲೆ ನೀರು ಸುರಿದರೂ ಸಣ್ಣ ಕಿಂಡಿಯಿಂದ ಅದು ನಿಧಾನವಾಗಿಯೇ ಹರಿದು ಹೋಗುತ್ತದಲ್ಲವೇ? ಹಾಗೆಯೇ ಇದೂ. ಒಂದು ಕ್ವಾರ್ಟರ್ ಕರಗಲು ಆರರಿಂದ ಎಂಟು ಗಂಟೆಗೂ ಹೆಚ್ಚು ಕಾಲ ಬೇಕು. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರಿನ ಸ್ನಾನ, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ನಡುರಾತ್ರಿವರೆಗೆ ಕುಡಿದವರ ರಕ್ತದಲ್ಲಿ ಬೆಳಿಗ್ಗೆಯೂ ಆಲ್ಕೋಹಾಲ್ ಉಳಿದಿರಬಹುದು. ನಮ್ಮ ಕಾನೂನಿನಲ್ಲಿ ವಾಹನ ಚಾಲಕರಿಗೆ ಇರುವ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಎಂಬುದು ನೆನಪಿರಲಿ. ಹೆಂಗಸರ ದೇಹದಲ್ಲಿ ನೀರಿನ ಪ್ರಮಾಣ ಕಡಿಮೆ ಇರುವುದರಿಂದ ಅಷ್ಟೇ ಮದ್ಯ ಅವರ ರಕ್ತದಲ್ಲಿ ಹೆಚ್ಚು ಮಟ್ಟಕ್ಕೆ ಏರುತ್ತದೆ.

ಕರಗದೆ ಉಳಿದದ್ದು ರಕ್ತದೊಡನೆ ಹೃದಯ, ಮಿದುಳುಗಳನ್ನು ಸುತ್ತುತ್ತಿರುತ್ತದೆ. ವಾರಾಂತ್ಯ ಮತ್ತು ರಜೆಗಳಲ್ಲಿ ವಿಪರೀತ ಕುಡಿದು, ಹೃದಯದ ಬಡಿತ ತಪ್ಪಿ ಆಸ್ಪತ್ರೆಗೆ ಬರುತ್ತಿದ್ದವರನ್ನು ಅಮೆರಿಕದ ಡಾ. ಫಿಲಿಪ್ ಎಟಿಂಗರ್ ಮತ್ತು ಸಂಗಡಿಗರು ಅಭ್ಯಸಿಸಿ, 1978ರಲ್ಲಿ ಈ ತೊಂದರೆಗೆ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ನನ್ನ ರೋಗಿಗೆ ಆದದ್ದೂ ಇದೇ.

ಇನ್ನು ಮರೆವಿನ ವಿಷಯ. 1970ರಲ್ಲಿ ಡಾ. ಡೊನಾಲ್ಡ್ ಗುಡ್ವಿನ್ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 10 ಮಂದಿ ಗಂಡಸರಿಗೆ ನಾಲ್ಕು ಗಂಟೆಗಳಲ್ಲಿ ಸುಮಾರು ಅರ್ಧ ಲೀಟರ್ ವಿಸ್ಕಿ ಕುಡಿಸಿ, ಮಕ್ಕಳ ಆಟಿಕೆಗಳನ್ನು ತೋರಿಸಿದರು. ಎರಡು ನಿಮಿಷ ಬಿಟ್ಟು ಕೇಳಿದಾಗ ಹೆಚ್ಚಿನವರು ಸರಿಯಾಗಿಯೇ ಹೇಳಿದರು. ಅರ್ಧ ಗಂಟೆ ಬಿಟ್ಟು ಕೇಳಿದರೆ ಅರ್ಧದಷ್ಟು ಮಂದಿಗೆ ಆಟಿಕೆ ನೋಡಿದ ನೆನಪೇ ಇರಲಿಲ್ಲ! ಮರುದಿನವೂ ಬರಲಿಲ್ಲ. ಅಂದರೆ ಆ ಹೊತ್ತಿನಲ್ಲಿ ಮನುಷ್ಯ ಮಾತಾಡುತ್ತಾನೆ, ನಡೆಯುತ್ತಾನೆ, ಗಾಡಿಯನ್ನೂ ಓಡಿಸುತ್ತಾನೆ. ಆದರೆ ಮಿದುಳು ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ‘ನೆನಪಿಲ್ಲ’ ಎನ್ನುವುದು ನಾಟಕವೇ ಆಗಿರಬೇಕೆಂದಿಲ್ಲ. ಅದು ಅತಿಯಾಗಿ ಕುಡಿದದ್ದರ ಗುರುತು.

ಮೇದೋಜೀರಕಾಂಗದ ಉರಿಯೂತ, ಬಿದ್ದು ತಲೆಗೆ ಪೆಟ್ಟು, ನಿದ್ದೆಯಲ್ಲಿ ವಾಂತಿ ಶ್ವಾಸನಾಳಕ್ಕೆ ಹೋಗಿ ಸಾವು, ಇವೆಲ್ಲ ಆಗಲು ಒಂದೇ ರಾತ್ರಿ ಸಾಕು.

ಬಿಡಿಸಲು ಸಾಧ್ಯವೇ?

ಸಾಧ್ಯ. ಬೈಗುಳ, ಆಣೆ ಪ್ರಮಾಣಗಳಿಗಿಂತ ಸಮಾಧಾನದ ಮಾತು ಹೆಚ್ಚು ಕೆಲಸ ಮಾಡುತ್ತದೆ. ಇದಕ್ಕೆ ನೆರೆಯ ಗೋವಾದಲ್ಲೇ ಸಾಕ್ಷ್ಯವಿದೆ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಕರವಾಗಿ ಕುಡಿಯುತ್ತಿದ್ದ 377 ಗಂಡಸರ ಮೇಲೆ ನಡೆದ ಅಧ್ಯಯನವನ್ನು ಡಾ. ಅಭಿಜಿತ್ ನಾಡಕರ್ಣಿ, ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ನಾಲ್ಕು ಭೇಟಿಗಳವರೆಗೆ ಆಪ್ತಸಲಹೆ. ಸಲಹೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳ ನಂತರ ನೋಡಿದಾಗ, ಹಿಂದಿನ ಹದಿನಾಲ್ಕು ದಿನ ಒಂದು ತೊಟ್ಟೂ ಮುಟ್ಟದವರು ಸಲಹೆ ಪಡೆದವರಲ್ಲಿ ನೂರಕ್ಕೆ 42, ಉಳಿದವರಲ್ಲಿ 18. ಆದರೆ ಕುಡಿತ ಮುಂದುವರಿಸಿದವರ ಪ್ರಮಾಣ ಮಾತ್ರ ಸಲಹೆಯಿಂದ ತಗ್ಗಲಿಲ್ಲ. ‘ಕುಡೀತೀನಿ, ಆದರೆ ಸ್ವಲ್ಪ ಮಾತ್ರ’ ಎನ್ನುವುದಕ್ಕಿಂತ ಪೂರ್ತಿ ಬಿಡುವುದೇ ಹಲವರಿಗೆ ಸುಲಭ ಎಂದು ನನಗೆ ಅನ್ನಿಸಲು ಇದೂ ಒಂದು ಕಾರಣ.

ಔಷಧಿಯೂ ಇದೆ. ಕುಡಿತದ ಮೋಜನ್ನು ಮಂಕಾಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನು ದಿನವೂ ನುಂಗದೆ, ಕುಡಿಯುವ ಚಪಲ ಬಂದಾಗ ಮಾತ್ರ ತೆಗೆದುಕೊಂಡರೂ ಅತಿ ಕುಡಿತದ ದಿನಗಳು ಕಡಿಮೆಯಾದವೆಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 120 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದರೆ ಪಿತ್ತಜನಕಾಂಗದ ಕಾಯಿಲೆ ಇರುವವರಿಗೆ, ಅಫೀಮು ಮೂಲದ ನೋವಿನ ಮಾತ್ರೆ ನುಂಗುವವರಿಗೆ ಇದು ಅಪಾಯಕಾರಿ. ವೈದ್ಯರ ಚೀಟಿ ಇಲ್ಲದೆ ಕೊಳ್ಳಲೇಬಾರದು.

ಮನೆಯವರು ತಿಳಿದಿರಬೇಕಾದದ್ದು

* ಮಾತಾಡಲು ಅಮಲಿನ ರಾತ್ರಿ ಸರಿಯಾದ ಹೊತ್ತಲ್ಲ. ಅಮಲು ಪೂರ್ತಿ ಇಳಿದ ಮೇಲೆ, ಮಕ್ಕಳಿಲ್ಲದಾಗ, ನಡೆದದ್ದನ್ನು ನಡೆದಂತೆ ಹೇಳಿ.

* ಕುಡಿದವರು ಎಚ್ಚರ ತಪ್ಪಿ ಮಲಗಿದ್ದರೆ ಒಂದು ಪಕ್ಕಕ್ಕೆ ಮಗ್ಗುಲಾಗಿಸಿ. ಅಂಗಾತ ಬಿಡಬೇಡಿ. ಬಾಯಿಗೆ ಮಜ್ಜಿಗೆ, ನೀರು ಏನನ್ನೂ ಹಾಕಬೇಡಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾದರೆ 108ಕ್ಕೆ ಕರೆ ಮಾಡಿ.

* ದಿನವೂ ವಿಪರೀತ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು. ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು.

* ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ 14416. ಎರಡೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ.

ನನ್ನ ರೋಗಿಯ ಹೃದಯ ಬಡಿತ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ ಸರಿಹೋಯಿತು. ಆ ಮೇಲೆ ನಾಲ್ಕು ಸಲ ಬಂದು ಕುಳಿತು ಮಾತಾಡಿದರು. ನಡುವೆ ಒಮ್ಮೆ ಎಡವಿದ್ದೂ ಉಂಟು. ಅದನ್ನೂ ಅವರೇ ಬಂದು ಹೇಳಿದರು. ಹೃದಯದ ಭಯಕ್ಕಿಂತ ತಮ್ಮನ್ನು ಹೆಚ್ಚು ಕಾಡಿದ್ದು ಆ ಸ್ಕೂಟರ್ ಪ್ರಯಾಣ ಎಂದರು. ಮಗಳು ಬೆನ್ನಿಗೆ ಆತು ಕುಳಿತಿದ್ದ ಅಷ್ಟೂ ದಾರಿ ಅವರ ನೆನಪಿನಲ್ಲಿ ಇಲ್ಲವೇ ಇಲ್ಲ. ‘ವಾರಕ್ಕೊಮ್ಮೆ ತಾನೇ’ ಎನ್ನುವವರು ಆ ಒಂದು ರಾತ್ರಿಯ ಲೆಕ್ಕವನ್ನು ಇಂದೇ ಹಾಕಿ ನೋಡಲಿ.