ತೊಗರಿ ಬೇರಿನ ‘ಮುತ್ತು’ ಯಾವ ಹುಳು?

ಹೈದರಾಬಾದ್: ಕಲಬುರಗಿ, ಬೀದರ್ ಕಡೆಯಿಂದ ಬಂದು ನಗರದಲ್ಲಿ ನೆಲೆಸಿದ ಅನೇಕ ಕನ್ನಡಿಗರಿಗೆ ಊರಲ್ಲಿ ತೊಗರಿ ಹೊಲವಿದೆ. ಗಿಡ ಕುಗ್ಗಿ ಎಲೆ ಹಳದಿಯಾದರೆ ಗೊಬ್ಬರ ಸಾಲದೆಂದು ತಿಳಿಯುವುದು ಸಹಜ. ಆದರೆ ಬೇರಿನಲ್ಲಿ ಮುತ್ತಿನಂಥ ಬಿಳಿ ಚುಕ್ಕೆಗಳಿದ್ದರೆ ಅವು ಮೊಟ್ಟೆ ತುಂಬಿದ ಹೆಣ್ಣು ಜಂತುಹುಳುಗಳು.

ಇದನ್ನು ಹೊಸ ಪ್ರಭೇದವೆಂದು 1967ರಲ್ಲಿ ವಿವರಿಸಿದವರು ವಿಜ್ಞಾನಿ ಪಿ.ಕೆ. ಕೋಶಿ. ತೊಗರಿಯ ಶಾಸ್ತ್ರೀಯ ನಾಮದಿಂದಲೇ ‘ಹೆಟೆರೊಡೆರಾ ಕಜಾನಿ’ ಎಂಬ ಹೆಸರು ಬಂತು. ಹೆಣ್ಣು ಸತ್ತ ಮೇಲೆ ಉಳಿಯುವ ಕಂದು ಕೋಶ, ಮರಿಯ ಬಾಲ, ಬಾಯಿಯ ಸೂಜಿಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಇಂಥ ಪ್ರಭೇದಗಳನ್ನು ಗುರುತಿಸುತ್ತಾರೆ. ನಗರಕ್ಕೆ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್‌ನಲ್ಲೂ ಈ ಹುಳುವಿನ ಸಂಶೋಧನೆ ನಡೆದಿದೆ.

ಗುರುತು ಸರಿಯಾದರೆ ಪರಿಹಾರವೂ ಸುಲಭ. ಈ ಹುಳು ಅಲಸಂದಿ, ಎಳ್ಳಿನಲ್ಲೂ ಬೆಳೆಯುತ್ತದೆ. ಜೋಳ ಬಿತ್ತಿದರೆ ಅದಕ್ಕೆ ಆಹಾರ ಸಿಗದು. ಬಿತ್ತಿದ ಸುಮಾರು ತಿಂಗಳಿಗೆ ಒಂದೆರಡು ಗಿಡ ಮೆಲ್ಲನೆ ಕಿತ್ತು ಬೇರು ನೋಡುವಂತೆ ಊರಿನವರಿಗೆ ತಿಳಿಸಬಹುದು.