ಶಾಲೆಯ ಜಾತಕ ಓದಲು ನಿಮಗೆ ಬರುತ್ತದೆಯೇ?

ಹೊಗೆಸೊಪ್ಪಿನ ದುಡ್ಡು ಕೈಗೆ ಬರುವ ಹೊತ್ತಿಗೆ ಸರಿಯಾಗಿ ನಮ್ಮ ರಾವಂದೂರಿನ ಕಡೆ ಇನ್ನೊಂದು ಸುಗ್ಗಿಯೂ ಶುರುವಾಗುತ್ತದೆ. ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಬೇಲು ಮಾರಿ ಯಜಮಾನರು ಮನೆಗೆ ಬಂದರೆ, ಬಾಗಿಲ ಸಂದಿಯಲ್ಲಿ ಬಣ್ಣಬಣ್ಣದ ಕರಪತ್ರ ಸಿಕ್ಕಿಸಿಟ್ಟಿರುತ್ತದೆ. ಟೈ ಕಟ್ಟಿ ನಗುವ ಮಗು, ಕಂಪ್ಯೂಟರಿನ ಸಾಲು, 'ನುರಿತ ಶಿಕ್ಷಕವೃಂದ', 'ಮನೆ ಬಾಗಿಲಿಗೆ ವ್ಯಾನು'. ಎಲ್ಲ ಶಾಲೆಯವರದ್ದೂ ಅದೇ ಮಾತು, ಅದೇ ಮಗು! ಪಿರಿಯಾಪಟ್ಟಣಕ್ಕೆ ಕಳಿಸೋಣವೇ, ಬೆಟ್ಟದಪುರಕ್ಕೆ ಕಳಿಸೋಣವೇ, ಊರಿನ ಸರ್ಕಾರಿ ಶಾಲೆಯೇ ಸಾಕೇ ಎಂದು ಗಂಡ ಹೆಂಡಿರಲ್ಲಿ ರಾತ್ರಿಯೆಲ್ಲ ಚರ್ಚೆ ನಡೆದು, ಕಡೆಗೆ 'ಪಕ್ಕದ ಮನೆ ಹುಡುಗ ಎಲ್ಲಿಗೆ ಹೋಗ್ತಾನೋ ಅಲ್ಲಿಗೇ ಹಾಕಿಬಿಡೋಣ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ನಿಮ್ಮ ಮನೆಯಲ್ಲೂ ಹೀಗೆಯೇ ಅಲ್ಲವೇ?

ಹೆಣ್ಣು ಕೊಡುವಾಗ ಎಷ್ಟು ವಿಚಾರಿಸುತ್ತೇವೆ! ಜಾತಕ ತರಿಸುತ್ತೇವೆ, ಮನೆತನ ಕೇಳುತ್ತೇವೆ, ಯಾರಿಗೂ ತಿಳಿಯದ ಹಾಗೆ ಆ ಊರಿನ ಅಂಗಡಿಯವನನ್ನೂ ಒಂದು ಮಾತು ಕೇಳಿಬರುತ್ತೇವೆ. ಕಂದನನ್ನು ಏಳೋ ಹತ್ತೋ ವರ್ಷ ಒಪ್ಪಿಸುವ ಶಾಲೆಯ ಜಾತಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಂಥದ್ದೊಂದು ಇದೆ ಎಂಬುದೇ ಬಹಳ ಜನ ತಾಯಂದಿರಿಗೆ ಗೊತ್ತಿಲ್ಲ.

ಇದೆ, ಸೋದರಿಯರೇ. ಸರ್ಕಾರಿ ಇರಲಿ, ಅನುದಾನಿತ ಇರಲಿ, ಖಾಸಗಿ ಇರಲಿ, ಮಾನ್ಯತೆ ಪಡೆದ ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ಯು-ಡೈಸ್ ಸಂಖ್ಯೆ ಎನ್ನುತ್ತಾರೆ. ನಮ್ಮ ರಾಜ್ಯದ್ದೆಲ್ಲ 29ರಿಂದ ಶುರು. ಆ ಸಂಖ್ಯೆಯ ಮೇಲೆ ಕೇಂದ್ರ ಶಿಕ್ಷಣ ಇಲಾಖೆಯವರು ಪ್ರತಿ ಶಾಲೆಯ ವರದಿ ಪತ್ರವನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಯು-ಡೈಸ್ ಪ್ಲಸ್‌ನ 'ನೋ ಯುವರ್ ಸ್ಕೂಲ್' ಎಂಬ ಪುಟದಲ್ಲಿ ಸಿಗುತ್ತದೆ. ಕಾಲೇಜು ಓದುವ ಹುಡುಗರು ಮನೆಯಲ್ಲಿದ್ದರೆ ಮೊಬೈಲಿನಲ್ಲಿ ತೆಗೆಸಿ, ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿಕೊಳ್ಳಿ. ಶಾಲೆಯ ಸಂಖ್ಯೆ ತಿಳಿಯದಿದ್ದರೆ ನಿಮ್ಮ ಕ್ಲಸ್ಟರಿನ ಸಿ.ಆರ್.ಪಿ.ಯವರನ್ನೋ ಪಿರಿಯಾಪಟ್ಟಣದ ಬಿ.ಇ.ಓ. ಆಫೀಸಿನಲ್ಲೋ ಕೇಳಿ.

ಪಟ್ಟಣದ ಓದುಗರಿಗೆ ಇನ್ನೊಂದು ಬಗೆಯ ಕೈಪಿಡಿಯೂ ಗೊತ್ತಿರಬಹುದು. ಬೆಂಗಳೂರಿನಿಂದ ಹೊರಡುವ 'ಎಜುಕೇಷನ್‌ವರ್ಲ್ಡ್' ಎಂಬ ಇಂಗ್ಲಿಷ್ ಪತ್ರಿಕೆ 2007ರಿಂದ ಶಾಲೆಗಳಿಗೆ ರ‍್ಯಾಂಕು ಕೊಡುತ್ತಾ ಬಂದಿದೆ. ಪೋಷಕರು, ಶಿಕ್ಷಕರು, ಮುಖ್ಯೋಪಾಧ್ಯಾಯರು ಮುಂತಾದವರನ್ನು ಕೇಳಿ, ಅವರ ಅಭಿಪ್ರಾಯದ ಮೇಲೆ ಅಂಕ ಹಾಕುವ ಪದ್ಧತಿ ಅದು. ಹೆಸರು ಮಾಡಿದ ಶಾಲೆಗೇ ಹೆಸರು ಬರುವುದು ಸಹಜ. ಬೆಂಗಳೂರು, ಮೈಸೂರಿನವರಿಗೆ ಅದರಿಂದ ಉಪಯೋಗವಿದೆ. ನಮ್ಮಂಥ ಹೋಬಳಿಯವರು ಅದರಿಂದ ಕಲಿಯಬೇಕಾದ್ದು ಒಂದೇ: ಅವರು ಯಾವ ಯಾವ ಬಾಬ್ತಿಗೆ ಅಂಕ ಕೊಡುತ್ತಾರೆ ಎಂಬ ಪಟ್ಟಿ. ಶಿಕ್ಷಕರ ಯೋಗ್ಯತೆ, ಆಟೋಟ, ಕೊಟ್ಟ ಹಣಕ್ಕೆ ತಕ್ಕ ಓದು ಇತ್ಯಾದಿ. ರ‍್ಯಾಂಕು ಬಿಡಿ, ಆ ಪ್ರಶ್ನೆಗಳನ್ನು ಇಟ್ಟುಕೊಳ್ಳಿ.

ಈಗ ನಮ್ಮ ವರದಿ ಪತ್ರಕ್ಕೆ ಬರೋಣ. ಮೊದಲು ನೋಡಬೇಕಾದ್ದು ಶಾಲೆ ಯಾವ ತರಗತಿಯಿಂದ ಯಾವ ತರಗತಿಯವರೆಗೆ, ಯಾವ ಮಾಧ್ಯಮ, ಯಾವ ಬೋರ್ಡು ಎಂಬುದು. ಇದೇನು ಮಹಾ, ಬೋರ್ಡಿನ ಮೇಲೇ ಬರೆದಿರುತ್ತಲ್ಲ ಅಂತೀರಾ? ನಮ್ಮ ಬೀದಿಯ ಒಬ್ಬಾಕೆ ಮಗನನ್ನು ಸೇರಿಸಲು ಹೊರಟಿದ್ದ ಶಾಲೆಯ ಕರಪತ್ರದಲ್ಲಿ 'ಸೆಂಟ್ರಲ್ ಸಿಲಬಸ್' ಎಂದು ದಪ್ಪ ಅಕ್ಷರದಲ್ಲಿತ್ತು. ವರದಿ ಪತ್ರ ತೆಗೆದರೆ ರಾಜ್ಯ ಪಠ್ಯಕ್ರಮ, ಅದೂ ಐದನೇ ತರಗತಿಯವರೆಗೆ ಮಾತ್ರ! ಏಳನೇ ತರಗತಿಯ ಮಕ್ಕಳೂ ಅಲ್ಲೇ ಕೂತಿದ್ದರು. ಆ ಮಕ್ಕಳ ಟಿ.ಸಿ. ಯಾವ ಶಾಲೆಯದ್ದು ಎಂದು ಆಕೆ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲವಂತೆ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇದೆ. ದಂಡ ಕಟ್ಟುವುದು ಶಾಲೆಯವರಾದರೂ ವರ್ಷ ಕಳೆದುಕೊಳ್ಳುವುದು ನಮ್ಮ ಮಗು ತಾನೇ?

ಇಬ್ಬರು ಮೇಷ್ಟ್ರು, ಐದು ತರಗತಿ

ಆಮೇಲೆ ಶಿಕ್ಷಕರ ಸಂಖ್ಯೆ. ಕಾಯಿದೆ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು ಇರಬೇಕು. ಆರರಿಂದ ಎಂಟನೇ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬರಂತೆ, ತರಗತಿಗೆ ಕಡೇಪಕ್ಷ ಒಬ್ಬರು. ಭಾಗಾಕಾರ ಮಾಡಿ ಸುಮ್ಮನಾಗಬೇಡಿ, ಇಲ್ಲೇ ಮೋಸ ಹೋಗುವುದು. 18 ಮಕ್ಕಳು, ಇಬ್ಬರು ಶಿಕ್ಷಕರು ಎಂದಿದ್ದರೆ ಒಬ್ಬರಿಗೆ ಒಂಬತ್ತೇ ಮಕ್ಕಳಾಯಿತು, ದೊಡ್ಡ ಪಟ್ಟಣದ ಶಾಲೆಯಲ್ಲೂ ಇಲ್ಲದ ಭಾಗ್ಯ! ಆದರೆ ತರಗತಿ ಐದು. ಒಬ್ಬರು ಮೀಟಿಂಗಿಗೋ ತರಬೇತಿಗೋ ಹೋದ ದಿನ ಐದೂ ತರಗತಿ ಒಬ್ಬರ ತಲೆಗೆ. ಆದ್ದರಿಂದ ಖಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು ಎಂದು ಬೇರೆ ಬೇರೆ ಕೇಳಿ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಸರ್ಕಾರಿ ಶಾಲೆಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರೆ, 'ಅಯ್ಯೋ, ಬೆಂಚೂ ಇಲ್ಲ, ಕೋಣೆಯೂ ಇಲ್ಲ' ಎಂದು ಮೂಗು ಮುರಿಯುವವರೇ ಹೆಚ್ಚು. ಅದು ಬಡತನವಲ್ಲ, ನಲಿ-ಕಲಿ ಪದ್ಧತಿ. ಅದು ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ಹೆಗ್ಗಡದೇವನಕೋಟೆಯಲ್ಲಿ! 1995ರಲ್ಲಿ ಅಲ್ಲಿಯ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಹಳ್ಳಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಿಧಾನವಾಗಿ ಕಲಿಯುವ ಮಗು ತನ್ನ ಮೆಟ್ಟಿಲಲ್ಲೇ ನಿಂತು ಕಲಿಯುತ್ತದೆ, ಚುರುಕಿನದು ಮುಂದಕ್ಕೆ ಹೋಗುತ್ತದೆ. ಟೀಚರ್ ಮನಸ್ಸಿಟ್ಟು ಮಾಡಿದರೆ ಬಹಳ ಚೆಂದ, ಮಾಡದಿದ್ದರೆ ಬರೀ ಗದ್ದಲ. ವರದಿ ಪತ್ರದಲ್ಲಿ ಕೋಣೆಯ ಲೆಕ್ಕ ಬರುತ್ತದೆ, ಈ ವ್ಯತ್ಯಾಸ ಬರುವುದಿಲ್ಲ. ಅದನ್ನು ನೀವೇ ಹೋಗಿ ಅರ್ಧ ಗಂಟೆ ಕೂತು ನೋಡಬೇಕು.

ನೂರಕ್ಕೆ ನೂರು ಎಂದರೆ

ಹೈಸ್ಕೂಲು ಆರಿಸುವವರು ಇದನ್ನು ಗಮನವಿಟ್ಟು ಓದಿ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಕೂಡಲೇ 'ಶೇಕಡಾ ನೂರು' ಎಂಬ ಫ್ಲೆಕ್ಸು ಬಸ್ ಸ್ಟ್ಯಾಂಡಿನಲ್ಲಿ ಏಳುತ್ತದೆ. ಎಷ್ಟು ಮಕ್ಕಳು ಕೂತಿದ್ದರು ಎಂದು ಮಾತ್ರ ಬರೆದಿರುವುದಿಲ್ಲ. ವರದಿ ಪತ್ರದಲ್ಲಿ ತರಗತಿವಾರು ಮಕ್ಕಳ ಸಂಖ್ಯೆ ಇರುತ್ತದೆ. ಎರಡು ವರ್ಷದ ಪತ್ರ ಜೋಡಿಸಿಟ್ಟುಕೊಂಡು ನೋಡಿ: ಹೋದ ವರ್ಷ ಒಂಬತ್ತರಲ್ಲಿ 60 ಮಕ್ಕಳಿದ್ದು, ಈ ವರ್ಷ ಹತ್ತರಲ್ಲಿ 38 ಇದ್ದರೆ, ಉಳಿದ 22 ಮಕ್ಕಳು ಎಲ್ಲಿಗೆ ಹೋದರು? ಒಂದಿಬ್ಬರು ಊರು ಬಿಟ್ಟಿರಬಹುದು, ಒಂದು ಹೆಣ್ಣುಮಗುವನ್ನು ಮನೆಯಲ್ಲಿ ಬಿಡಿಸಿರಬಹುದು. ಇಪ್ಪತ್ತೆರಡೂ ಹಾಗೇ ಎಂದರೆ ನಂಬಬೇಡಿ. ಓದಿನಲ್ಲಿ ಹಿಂದಿರುವವರಿಗೆ ಟಿ.ಸಿ. ಕೊಟ್ಟು ಕಳಿಸಿ, ಉಳಿದವರನ್ನು ಪರೀಕ್ಷೆಗೆ ಕೂರಿಸಿದರೆ ನೂರಕ್ಕೆ ನೂರು ಬರದೇ ಏನು? ನಿಮ್ಮ ಮಗು ಗಣಿತದಲ್ಲಿ ಸ್ವಲ್ಪ ಹಿಂದೆ ಎಂದಾದರೆ, ನಾಳೆ ಆ ಇಪ್ಪತ್ತೆರಡರಲ್ಲಿ ಅದೂ ಒಂದು. ಶಾಲೆಯವರನ್ನು ನೇರವಾಗಿ ಕೇಳಿ. ಎಂಬತ್ತು ಮಕ್ಕಳನ್ನು ಕೂರಿಸಿ ಎಪ್ಪತ್ತನ್ನು ಪಾಸು ಮಾಡಿಸುವ ಶಾಲೆಯೇ ನನ್ನ ಕಣ್ಣಿಗೆ ದೊಡ್ಡದು.

ಇಷ್ಟಾದರೂ ಈ ಪತ್ರ ತುಂಬುವವರು ಶಾಲೆಯವರೇ ಎಂಬುದು ನೆನಪಿರಲಿ. ಅಚ್ಚಾಗಿ ಬರುವ ಹೊತ್ತಿಗೆ ಲೆಕ್ಕ ಹಳತಾಗಿರುತ್ತದೆ, ಅಷ್ಟರಲ್ಲಿ ಮೇಷ್ಟ್ರು ವರ್ಗವಾಗಿ ಹೋಗಿರಲೂಬಹುದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು, ಶಾಲೆ ವಿಚಾರದಲ್ಲಿ ನಾಲ್ಕಾರು ಅಗುಳಾದರೂ ಹಿಚುಕಬೇಕು. ಪತ್ರ ಕೈಯಲ್ಲಿ ಹಿಡಿದು ಒಂದು ಸಾದಾ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಶಾಲಾ ವಾರ್ಷಿಕೋತ್ಸವದ ದಿನ ಹೋದರೆ ಕಾಣುವುದು ಬರೀ ತೋರಣ. 'ಹೆಣ್ಣುಮಕ್ಕಳ ಶೌಚಾಲಯ: 2' ಎಂದಿದ್ದರೆ ಬೀಗ ಹಾಕಿದೆಯೋ, ನೀರು ಬರುತ್ತದೆಯೋ ನೋಡಿ. ಬೀಗದ ಕೈ ಮೇಷ್ಟ್ರ ಮೇಜಿನಲ್ಲಿದ್ದರೆ ನಿಮ್ಮ ಮಗಳು ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. 'ಗ್ರಂಥಾಲಯ: ಇದೆ' ಎಂದಿದ್ದರೆ ಪುಸ್ತಕದ ಮೇಲೆ ಮಕ್ಕಳ ಕೈಗುರುತು ಇದೆಯೋ, ಬೀರುವಿನ ಧೂಳು ಇದೆಯೋ ನೋಡಿ.

ಓದು ಹೇಗಿದೆ ಎಂದು ಅಳೆಯಲು ಒಂದು ಸುಲಭ ಉಪಾಯವಿದೆ. 'ಅಸರ್' ಎಂಬ ಸಮೀಕ್ಷೆಯವರು 2005ರಿಂದ ದೇಶದ ಹಳ್ಳಿ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಪರೀಕ್ಷಿಸುತ್ತಾ ಬಂದಿದ್ದಾರೆ. ಅವರು ಮಗುವಿನ ಮುಂದಿಡುವ ಅತಿ ಕಷ್ಟದ ಪಾಠವೇ ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಅವರ ವರದಿಯಲ್ಲಿ ಶಾಲೆಗಳ ಹೆಸರು ಇರುವುದಿಲ್ಲ, ಆದರೆ ಉಪಾಯ ನಮಗೂ ಆಗುತ್ತದಲ್ಲ! ನೀವು ಯೋಚಿಸುತ್ತಿರುವ ಶಾಲೆಗೆ ಹೋಗುವ ನಾಲ್ಕನೇ, ಐದನೇ ತರಗತಿಯ ಮಕ್ಕಳು ಬೀದಿಯಲ್ಲಿ ಇದ್ದೇ ಇರುತ್ತಾರೆ. ಮೂರು ನಾಲ್ಕು ಮಕ್ಕಳನ್ನು ಕರೆದು, ಕೋಡುಬಳೆಯೋ ಚಕ್ಕುಲಿಯೋ ಕೈಗಿಟ್ಟು, ಎರಡನೇ ತರಗತಿಯ ಪುಸ್ತಕದಿಂದ ಒಂದು ಪುಟ ಓದಿಸಿ. ಕನ್ನಡದ್ದೂ ಓದಿಸಿ, ಇಂಗ್ಲಿಷಿನದ್ದೂ ಓದಿಸಿ. ಬಾಯಿಪಾಠ ಒಪ್ಪಿಸಿದರೆ ನಡುವಿನ ಒಂದು ಸಾಲು ತೋರಿಸಿ ಕೇಳಿ, ಗೊತ್ತಾಗಿಬಿಡುತ್ತದೆ. ಮಕ್ಕಳನ್ನು ಗದರಬೇಡಿ, ಪರೀಕ್ಷೆ ಶಾಲೆಯದ್ದು, ಅವರದ್ದಲ್ಲ.

ಸೇರಿಸಲು ಹೋದಾಗ ಮಗುವಿಗೋ ನಿಮಗೋ 'ಇಂಟರ್‌ವ್ಯೂ' ಎಂದರೆ, ಎಂಟನೇ ತರಗತಿಯವರೆಗೆ ಅದು ಕಾಯಿದೆಗೆ ವಿರುದ್ಧ. ವಂತಿಗೆಯೂ ಅಷ್ಟೆ. 'ನಮಗೆ ಇಂಗ್ಲಿಷ್ ಬರೋದಿಲ್ಲ, ಏನು ಕೇಳ್ತಾರೋ' ಎಂದು ಅಂಜಿ ಹಿಂದೆ ನಿಲ್ಲುವ ತಾಯಂದಿರೇ, ನಿಮ್ಮನ್ನು ಪ್ರಶ್ನೆ ಕೇಳುವ ಹಕ್ಕು ಅವರಿಗಿಲ್ಲ, ಅವರನ್ನು ಕೇಳುವ ಹಕ್ಕು ನಿಮಗಿದೆ. ಸರ್ಕಾರಿ ಶಾಲೆಯಾದರೆ ಅಲ್ಲಿಯ ಎಸ್.ಡಿ.ಎಂ.ಸಿ.ಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರಬೇಕೆಂದೇ ನಿಯಮ. ಆ ಹೆಂಗಸರು ಯಾರು ಎಂದು ವಿಚಾರಿಸಿ ಅವರ ಮನೆಗೇ ಹೋಗಿ ಬನ್ನಿ.

ಖಾಸಗಿಯಾದರೆ ಫೀಜು, ವ್ಯಾನು, ಪುಸ್ತಕ, ಸಮವಸ್ತ್ರ, ಶೂ ಎಲ್ಲ ಸೇರಿ ವರ್ಷಕ್ಕೆಷ್ಟು ಎಂದು ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ. ವರದಿ ಪತ್ರದ ಹಿಂಬದಿ ಖಾಲಿಯೇ ಇರುತ್ತದೆ. ಅಲ್ಲೇ ಬರೆದುಕೊಡಿ ಎನ್ನಿ, ತಾರೀಖು ಹಾಕಿಸಿ. ಹೊಗೆಸೊಪ್ಪಿನ ರೇಟು ಬಿದ್ದ ವರ್ಷ ಆ ದುಡ್ಡು ಎಲ್ಲಿಂದ ಹುಟ್ಟುತ್ತದೆ ಎಂಬ ಲೆಕ್ಕವನ್ನು ಅದರ ಕೆಳಗೆ ಗಂಡ ಹೆಂಡಿರು ಕೂತು ಬರೆಯಿರಿ, ಮುಂಗಡ ಕಟ್ಟುವುದು ಆಮೇಲೆ.