ಪ್ರಾರ್ಥನಾಸಭೆ ಮತ್ತು ರಾಜಕೀಯ ಸಂಧಾನ: ದೆಹಲಿ, 1947–48

ರಾಷ್ಟ್ರನಾಯಕರು ಒಂದೆಡೆ ಕುಳಿತು ಪ್ರಾರ್ಥಿಸುವುದು ಇಂದು ಬಹುಮಟ್ಟಿಗೆ ಸರ್ಕಾರಿ ಶಿಷ್ಟಾಚಾರದ ಭಾಗ. ಅಕ್ಟೋಬರ್ 2 ಮತ್ತು ಜನವರಿ 30ರಂದು ರಾಜಘಾಟಿನಲ್ಲಿ ಸರ್ವಧರ್ಮ ಪ್ರಾರ್ಥನೆ ನಡೆಯುತ್ತದೆ. ಗಣ್ಯರು ಪುಷ್ಪನಮನ ಸಲ್ಲಿಸಿ, ಕೆಲಕಾಲ ಆಲಿಸಿ ತೆರಳುತ್ತಾರೆ. ಅಲ್ಲಿ ಯಾರೂ ಯಾರಿಗೂ ಮಾತು ಕೊಡಬೇಕಾಗಿಲ್ಲ. ಈ ಪದ್ಧತಿಗೆ ಮೂಲವಾದ ಗಾಂಧೀಜಿಯವರ ಸಂಜೆಯ ಪ್ರಾರ್ಥನಾಸಭೆಗಳ ಸ್ವರೂಪವೇ ಬೇರೆಯಾಗಿತ್ತು.

ಜಪಾನೀ ಬೌದ್ಧಮಂತ್ರ, ಈಶಾವಾಸ್ಯದ ಮೊದಲ ಮಂತ್ರ, ಗೀತೆಯ ಸ್ಥಿತಪ್ರಜ್ಞ ಲಕ್ಷಣದ ಶ್ಲೋಕಗಳು, ಕುರಾನಿನ ಅಲ್-ಫಾತಿಹಾ, ಪಾರಸಿ ಪ್ರಾರ್ಥನೆ, ಭಜನೆ, ರಾಮಧುನ್ ಇವು ಅದರ ಅಂಗಗಳು. ವಿಭಜನೆಯ ದಿನಗಳಲ್ಲಿ ತಕರಾರಿಗೆ ಒಳಗಾದದ್ದು ಕುರಾನಿನ ಭಾಗ. 1947ರ ಏಪ್ರಿಲ್ ಆರಂಭದಲ್ಲಿ ದೆಹಲಿಯ ವಾಲ್ಮೀಕಿ ಮಂದಿರದ ಬಳಿ ಆಕ್ಷೇಪ ಬಂದಾಗ ಗಾಂಧೀಜಿ ಆ ಭಾಗವನ್ನಷ್ಟೇ ಕೈಬಿಡಲು ಒಪ್ಪಲಿಲ್ಲ. ಇಡೀ ಪ್ರಾರ್ಥನೆಯನ್ನೇ ನಿಲ್ಲಿಸಿದರು. ಬಿರ್ಲಾ ಭವನದ ಸಭೆಗಳಲ್ಲಿ, ಆಕ್ಷೇಪಿಸಿದವರ ಮೇಲೆ ಉಳಿದವರು ಸಿಟ್ಟಾಗುವುದಿಲ್ಲವೆಂಬ ಭರವಸೆ ಪಡೆದು ಮುಂದುವರಿಸುತ್ತಿದ್ದುದುಂಟು. ಒಪ್ಪದವನೊಬ್ಬನ ದನಿಗೂ ಬೆಲೆಯಿದ್ದ ಕಾರಣದಿಂದಲೇ ಆ ಸಭೆ ಸಂಧಾನದ ವೇದಿಕೆಯಾಗಲು ಅರ್ಹವಾಯಿತೆಂದು ಈ ಲೇಖಕನ ಅಭಿಪ್ರಾಯ. ಪ್ರಾರ್ಥನೋತ್ತರ ಭಾಷಣಗಳನ್ನು ಆಕಾಶವಾಣಿ ಬಿತ್ತರಿಸುತ್ತಿತ್ತು. ಅವು 1948ರಲ್ಲಿ ‘ದೆಹಲಿ ಡೈರಿ’ಯಾಗಿ ಪ್ರಕಟಗೊಂಡವು.

1948ರ ಜನವರಿ 12 ಸೋಮವಾರ, ಗಾಂಧೀಜಿಯವರ ಮೌನದ ದಿನ. ಮರುದಿನದಿಂದ ಉಪವಾಸವೆಂಬ ಅವರ ಲಿಖಿತ ಹೇಳಿಕೆಯನ್ನು ಪ್ರಾರ್ಥನಾಸಭೆಯಲ್ಲಿ ಸುಶೀಲಾ ನಯ್ಯರ್ ಓದಿದರು. ಜನವರಿ 18ರಂದು ರಾಜೇಂದ್ರ ಪ್ರಸಾದರ ನೇತೃತ್ವದಲ್ಲಿ ನೂರಕ್ಕೂ ಮಿಕ್ಕಿದ ಪ್ರತಿನಿಧಿಗಳು ಬಿರ್ಲಾ ಭವನಕ್ಕೆ ಬಂದರು. ನೆಹರೂ, ಮೌಲಾನಾ ಆಜಾದ್, ಪಾಕಿಸ್ತಾನದ ಹೈಕಮಿಷನರ್ ಜಾಹಿದ್ ಹುಸೇನ್ ಅವರೊಂದಿಗೆ ಹಿಂದೂ ಮಹಾಸಭೆ, ರಾಷ್ಟ್ರೀಯ ಸ್ವಯಂಸೇವಕ ಸಂಘಗಳ ಪ್ರತಿನಿಧಿಗಳೂ ಇದ್ದರು. ಪಟೇಲರು ಆಗ ದೆಹಲಿಯಲ್ಲಿರಲಿಲ್ಲ. ಅವರು ತಂದ ಪ್ರತಿಜ್ಞಾಪತ್ರದಲ್ಲಿ ಐಕ್ಯವನ್ನು ಕುರಿತ ಸಾಮಾನ್ಯ ಮಾತುಗಳಿಗಿಂತ ಸ್ಥಳನಾಮಗಳೇ ಮುಖ್ಯವಾಗಿರುವುದು ಗಮನಾರ್ಹ: ಮೆಹರೌಲಿಯ ಖ್ವಾಜಾ ಕುತ್ಬುದ್ದೀನ್ ದರ್ಗಾದ ಉರುಸು ಎಂದಿನಂತೆ ನಡೆಯಬೇಕು, ಸಬ್ಜಿಮಂಡಿ, ಕರೋಲ್‌ಬಾಗ್, ಪಹಾಡ್‌ಗಂಜ್‌ಗಳಲ್ಲಿ ಮುಸ್ಲಿಮರು ನಿರ್ಭಯವಾಗಿ ಓಡಾಡಬೇಕು, ಆಕ್ರಮಿಸಿದ ಮಸೀದಿಗಳನ್ನು ಮರಳಿಸಬೇಕು, ಆರ್ಥಿಕ ಬಹಿಷ್ಕಾರ ಕೂಡದು. ಪಾಲಿಸಿದರೋ ಇಲ್ಲವೋ ಎಂದು ಯಾರು ಬೇಕಾದರೂ ಹೋಗಿ ನೋಡಬಹುದಾದ ಷರತ್ತುಗಳಿವು. ಮಾತು ಕೊಟ್ಟ ಮೇಲೆ ಬೌದ್ಧ, ಇಸ್ಲಾಮ್, ಪಾರಸಿ ಪ್ರಾರ್ಥನೆಗಳು ನಡೆದವು. ಬಳಿಕ ಆಜಾದರು ಹಣ್ಣಿನ ರಸದ ಲೋಟವನ್ನಿತ್ತರು. ಪ್ರತಿಜ್ಞೆ ಮೊದಲು, ಪ್ರಾರ್ಥನೆ ಅನಂತರ ಎಂಬ ಈ ಕ್ರಮ ಆಕಸ್ಮಿಕವಲ್ಲವೆಂದು ತೋರುತ್ತದೆ.

ಎಲ್ಲರೂ ಒಲಿದರೆಂದು ಹೇಳಲಾಗದು. ಜನವರಿ 20ರ ಪ್ರಾರ್ಥನಾಸಭೆಯಲ್ಲಿ ಬಾಂಬು ಸಿಡಿಯಿತು. ಆದರೂ ಉರುಸು ನಡೆಯಿತು. ಜನವರಿ 27ರಂದು ಗಾಂಧೀಜಿಯವರೇ ಮೆಹರೌಲಿಗೆ ಹೋದರು.

ಜನವರಿ 30ರ ಸಂಜೆ ಅವರು ಪ್ರಾರ್ಥನೆಗೆ ತಡವಾಗಿ ಹೊರಟದ್ದಕ್ಕೆ ಪಟೇಲರೊಂದಿಗಿನ ಮಾತುಕತೆ ಕಾರಣ. ವಿಷಯ, ನೆಹರೂ ಮತ್ತು ಪಟೇಲರ ನಡುವಿನ ಭಿನ್ನಾಭಿಪ್ರಾಯ. ಪ್ರಾರ್ಥನೆ ಮುಗಿದ ಬಳಿಕ ನೆಹರೂ ಬರುವುದೆಂದು ಗೊತ್ತಾಗಿತ್ತು. 5 ಗಂಟೆ 17 ನಿಮಿಷಕ್ಕೆ ಗುಂಡು ಹಾರಿತು. ಅದೇ ರಾತ್ರಿ ನೆಹರೂ, ಪಟೇಲ್ ಇಬ್ಬರೂ ಆಕಾಶವಾಣಿಯಲ್ಲಿ ಒಬ್ಬರ ಹಿಂದೊಬ್ಬರು ಮಾತನಾಡಿದರು. 1950ರ ಡಿಸೆಂಬರಿನಲ್ಲಿ ಪಟೇಲರು ತೀರಿಕೊಳ್ಳುವವರೆಗೆ ಇಬ್ಬರೂ ಒಂದೇ ಸಂಪುಟದಲ್ಲಿದ್ದರು.